ಗ್ರೀಸ್ ಇಲ್ಲದೆ ಓಡುವ ಸ್ಟೇನ್‌ಲೆಸ್ ಬಾಲ್ ಸ್ಕ್ರೂ: ಒರೆಸುವ ಮೊದಲು ಅಳೆಯಿರಿ

ಪೀಣ್ಯದಿಂದ, ಜಿಗಣಿಯಿಂದ, ಬೊಮ್ಮಸಂದ್ರದಿಂದ ನನಗೆ ಬರುವ ಫೋಟೋಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಫಳಫಳ ಹೊಳೆಯುವ ಬಾಲ್ ಸ್ಕ್ರೂ, ಪಕ್ಕದಲ್ಲಿ ಕಪ್ಪಾದ ಬನಿಯನ್ ವೇಸ್ಟ್, ಅಂದರೆ ಒರೆಸುವ ಚಿಂದಿ. (ಬಾಲ್ ಸ್ಕ್ರೂ ಅಂದರೆ ತಿರುಗುವ ಥ್ರೆಡ್ ದಂಡ. ಅದರ ಟ್ರ್ಯಾಕ್‌ಗೂ ನಟ್‌ಗೂ ಮಧ್ಯೆ ಗುಂಡುಗಳು ಉರುಳಿ ನಟ್ ಅನ್ನು ಹಿಂದೆ ಮುಂದೆ ಸಾಗಿಸುತ್ತವೆ.) ಜೊತೆಗೆ ಒಂದು ಮೆಸೇಜ್: "ಎಲ್ಲ ಕ್ಲೀನ್ ಮಾಡಿದ್ವಿ ಸರ್, ಎಂಟು ದಿನಕ್ಕೆ ಮತ್ತೆ ಶಬ್ದ ಬರ್ತಿದೆ. ಏನು ಮಾಡೋಣ?"

ಉತ್ತರ ಆ ವೇಸ್ಟ್‌ನಲ್ಲೇ ಇತ್ತು. ಒರೆಸಿದಾಗಲೇ ಅದು ಹೋಯಿತು.

ಗ್ರೀಸ್ ಇಲ್ಲದೆ ಓಡುವ ಸ್ಕ್ರೂ ಸವೆಯುವುದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಎಲ್ಲಿ, ಎಷ್ಟು, ಯಾಕೆ ಸವೆಯುತ್ತಿದೆ ಎಂದು ತಿಳಿಯಬಹುದು. ಅದಕ್ಕೆ ಕೆಲಸದ ಕ್ರಮ ಸರಿ ಇರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದೆ ಮುಂದೆ ಮಾಡಬೇಡಿ.

ಕೈ ಹಾಕುವ ಮೊದಲು ಒಂದು ಮಾತು. ಬಾಲ್ ಸ್ಕ್ರೂ ತನ್ನಷ್ಟಕ್ಕೆ ಭಾರ ಹಿಡಿದು ನಿಲ್ಲುವುದಿಲ್ಲ. ಮೇಲೆ ಕೆಳಗೆ ಓಡುವ ಆಕ್ಸಿಸ್ ಆಗಿದ್ದರೆ, ಮೋಟಾರಿಗೂ ಸ್ಕ್ರೂಗೂ ನಡುವಿನ ಕಪ್ಲಿಂಗ್ ಬಿಚ್ಚಿದ ಕ್ಷಣ ಹೆಡ್ ಸರ್ರನೆ ಕೆಳಗಿಳಿಯುತ್ತದೆ. ಪವರ್ ಆಫ್ ಮಾಡಿ, ಹೆಡ್ ಕೆಳಗೆ ಮರದ ದಿಮ್ಮಿ ಕೊಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಬೆರಳು ಹೋದರೆ ವಾಪಸ್ ಬರುವುದಿಲ್ಲ.

ಹಂತ 1: ಇದು ನಿಜಕ್ಕೂ ಗ್ರೀಸ್ ಇಲ್ಲದೆ ಓಡಲೇಬೇಕಾ?

ನನ್ನ ಹತ್ತಿರ ಬಂದ ಕೇಸ್‌ಗಳಲ್ಲಿ ಬಹಳಷ್ಟು ಈ ಪ್ರಶ್ನೆಯಲ್ಲೇ ಮುಗಿದಿವೆ. "ಕ್ಲೀನ್ ರೂಮ್ ಸರ್, ಗ್ರೀಸ್ ಹಾಕೋ ಹಾಗಿಲ್ಲ" ಎನ್ನುತ್ತಾರೆ. ಹಾಕಬಾರದ್ದು ಮಾಮೂಲಿ ಗ್ರೀಸ್ ಮಾತ್ರ. ಔಷಧಿ, ಆಹಾರದ ಮೆಷಿನ್‌ಗಳಿಗೆ ಎಚ್1 ದರ್ಜೆಯ ಫುಡ್ ಗ್ರೇಡ್ ಗ್ರೀಸ್ ಇದೆ. ವ್ಯಾಕ್ಯೂಮ್ ಚೇಂಬರ್‌ಗೆ ಪಿಎಫ್‌ಪಿಇ ಗ್ರೀಸ್ (ಫ್ಲೋರಿನ್ ಇರುವ ಸಿಂಥೆಟಿಕ್ ಎಣ್ಣೆಯದು) ಇದೆ, ಅದು ಆವಿಯಾಗುವುದು ತೀರಾ ಕಮ್ಮಿ. ಕ್ಲೀನ್ ರೂಮ್‌ಗೆ ಕಣ ಚಿಮ್ಮದ ಗ್ರೀಸ್‌ಗಳೂ ಸಿಗುತ್ತವೆ. ಗ್ರಾಹಕರು ಕೊಟ್ಟ ಕಾಗದವನ್ನು ಮತ್ತೊಮ್ಮೆ ಓದಿ. "ಗ್ರೀಸ್ ಬೇಡ" ಎಂದು ಬರೆದಿದೆಯೋ, "ಖನಿಜ ಎಣ್ಣೆಯ ಗ್ರೀಸ್ ಬೇಡ" ಎಂದು ಬರೆದಿದೆಯೋ ನೋಡಿ.

ಪಿಎಫ್‌ಪಿಇ ಗ್ರೀಸ್ ಬೇರೆ ಎಣ್ಣೆ ಜೊತೆ ಬೆರೆಯುವುದಿಲ್ಲ. ಹಳೆಯ ಎಣ್ಣೆಯ ಪಸೆ ಇದ್ದರೆ ಮೇಲ್ಮೈಗೆ ಅಂಟುವುದೂ ಇಲ್ಲ. ಪೂರ್ತಿ ತೊಳೆದು ಒಣಗಿಸಿ ಹಾಕಬೇಕು.

ಗೊತ್ತಿಲ್ಲದೆಯೇ ಡ್ರೈ ಓಡಿಸುವವರೂ ಇದ್ದಾರೆ. ಹೊಸ ಸ್ಕ್ರೂ ಪ್ಯಾಕೆಟ್ ಬಿಚ್ಚಿದಾಗ ಜಿಡ್ಡು ಜಿಡ್ಡಾಗಿರುತ್ತದೆ ಅಲ್ವಾ? ಎಷ್ಟೋ ಸಲ ಅದು ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಎಣ್ಣೆ ಅಷ್ಟೇ. ಅದನ್ನೇ ಗ್ರೀಸ್ ಎಂದುಕೊಂಡು ಫಿಟ್ ಮಾಡಿ ಓಡಿಸುತ್ತಾರೆ. ಸ್ಕ್ರೂ ಕೊಟ್ಟವರನ್ನು ಕೇಳಿ, ನಟ್ ಒಳಗೆ ಗ್ರೀಸ್ ತುಂಬಿದ್ದಾರಾ ಇಲ್ವಾ ಎಂದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು "ಆಯಿಲ್ ಹಾಕಿದ್ದೇವೆ" ಎನ್ನುವುದೂ ಇದೇ ತಪ್ಪು. ಅದು ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಗ್ರೀಸ್ ಬೇಡವೇ ಬೇಡ ಎಂದಾದರೆ ಮುಂದಕ್ಕೆ ಹೋಗಿ.

ಹಂತ 2: ಯಾವ ಸ್ಟೇನ್‌ಲೆಸ್ ಎಂದು ತಿಳಿದುಕೊಳ್ಳಿ

"ಎಸ್‌ಎಸ್" ಎಂದರೆ ಏನೂ ಹೇಳಿದ ಹಾಗಲ್ಲ. 304 ಉಕ್ಕನ್ನು ಕಾಯಿಸಿ ಗಟ್ಟಿ ಮಾಡಲು ಬರುವುದಿಲ್ಲ. ತುಕ್ಕು ತಡೆಯುವುದರಲ್ಲಿ ಅದು ಮೇಲು, ಸವೆತ ತಡೆಯುವುದರಲ್ಲಿ ತೀರಾ ಕಡಿಮೆ. ಗಟ್ಟಿತನದ ಅಳತೆಯಲ್ಲಿ 17-4 ಪಿಎಚ್ ಸುಮಾರು ರಾಕ್‌ವೆಲ್ ಸಿ 40ರ ಆಸುಪಾಸು ಗಟ್ಟಿಯಾಗುತ್ತದೆ. 440ಸಿ 58ರ ಹತ್ತಿರ ಹೋಗುತ್ತದೆ. ಡ್ರೈ ಓಡಿಸುವುದಿದ್ದರೆ ನಾನು 440ಸಿ ಬಿಟ್ಟು ಬೇರೆ ಯೋಚಿಸುವುದಿಲ್ಲ. ಒಂದೇ ತೊಂದರೆ, ತುಕ್ಕಿನ ವಿಷಯದಲ್ಲಿ ಅದು 304ರಷ್ಟು ಗಟ್ಟಿಗನಲ್ಲ. ಬೆವರಿನ ಕೈಯಲ್ಲಿ ಮುಟ್ಟಿ ಬಿಟ್ಟರೆ ಬೆರಳಿನ ಗುರುತಿನಲ್ಲೇ ತುಕ್ಕು ಏಳುತ್ತದೆ.

ಅಯಸ್ಕಾಂತ ಹಿಡಿದು ನೋಡುವ ಪದ್ಧತಿ ಇದೆ. ಸುಲಭ, ಆದರೆ ಪೂರ್ತಿ ನಂಬಬೇಡಿ. 440ಸಿ, 17-4 ಪಿಎಚ್ ಎರಡೂ ಅಂಟುತ್ತವೆ. 304 ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ರೋಲ್ ಮಾಡಿದಾಗ ಸ್ವಲ್ಪ ಅಂಟಬಹುದು. ಟ್ರ್ಯಾಕ್ ಮೇಲಂತೂ ಅಯಸ್ಕಾಂತ ಇಡಲೇಬೇಡಿ. ಸ್ಕ್ರೂಗೆ ಕಾಂತ ಹತ್ತಿದರೆ ಸವೆದ ಪುಡಿಯೆಲ್ಲ ಅಲ್ಲೇ ಅಂಟಿ ಕೂರುತ್ತದೆ.

ಹಾರ್ಡ್‌ನೆಸ್ ಚೆಕ್ ಮಾಡಿಸುವಾಗ ಎಲ್ಲಿ ಒತ್ತುತ್ತಿದ್ದಾರೆ ಎಂದು ನೋಡಿ. ಬೇರಿಂಗ್ ಕೂರುವ ತುದಿಗಳನ್ನು ಟರ್ನಿಂಗ್ ಮಾಡಲು ಎಷ್ಟೋ ಸಲ ಮೆತ್ತಗೆ ಮಾಡಿರುತ್ತಾರೆ. ಅಲ್ಲಿ ಒತ್ತಿ "ಮಾಲು ಮೆತ್ತಗಿದೆ" ಎಂದು ಜಗಳಕ್ಕೆ ಹೋಗುವವರಿದ್ದಾರೆ. ನೋಡಬೇಕಾದ್ದು ಥ್ರೆಡ್ ಇರುವ ಭಾಗ. ಆರ್ಡರ್ ಕೊಡುವಾಗಲೇ ಮೆಟೀರಿಯಲ್ ಸರ್ಟಿಫಿಕೇಟ್, ಹಾರ್ಡ್‌ನೆಸ್ ರಿಪೋರ್ಟ್ ಕೇಳಿ ಪಡೆಯುವುದು ಒಳ್ಳೆಯದು.

ಹಂತ 3: ಸಾಮಾನು ಜೋಡಿಸಿಕೊಳ್ಳಿ

0.001 ಮಿ.ಮೀ. ಓದುವ ಡಯಲ್ ಗೇಜ್, ಮ್ಯಾಗ್ನೆಟಿಕ್ ಸ್ಟ್ಯಾಂಡ್. ಲಗೇಜ್ ತೂಗುವ ಥರದ ಚಿಕ್ಕ ತಕ್ಕಡಿ, ಆದರೆ ಗ್ರಾಂ ಲೆಕ್ಕದಲ್ಲಿ ಓದಬೇಕು. ಗಟ್ಟಿ ನೈಲಾನ್ ದಾರ. ಅಕ್ಕಸಾಲಿಗರು ಬಳಸುವ 10 ಪಟ್ಟಿನ ಲೂಪ್ (ಭೂತಗನ್ನಡಿ), ನಗರ್ತಪೇಟೆಯಲ್ಲಿ ಸಿಗುತ್ತದೆ. ಒಳ್ಳೆಯ ಟಾರ್ಚ್, ಪಾರದರ್ಶಕ ಸೆಲ್ಲೋಟೇಪ್, ಬಿಳಿ ಹಾಳೆ, ನೈಟ್ರೈಲ್ ಗ್ಲೌಸ್, ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಒಂದು ನೋಟ್‌ಬುಕ್.

ಬನಿಯನ್ ವೇಸ್ಟ್ ದೂರ ಇಡಿ. ಅದರ ನೂಲು ಟ್ರ್ಯಾಕ್‌ನಲ್ಲಿ ಸಿಕ್ಕಿ ನಟ್ ಒಳಗೆ ಹೋಗುತ್ತದೆ. ಏರ್ ಗನ್ ಕೂಡ ಬೇಡ. ಗಾಳಿ ಹೊಡೆದರೆ ಹೊರಗಿನ ಪುಡಿ ನಟ್ ಒಳಗೆ ಸೇರುತ್ತದೆ, ಹೊರಗೆ ಬರುವುದಿಲ್ಲ.

ಹಂತ 4: ಪುಡಿಯನ್ನು ಓದಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಸೆಲ್ಲೋಟೇಪ್‌ನ ಒಂದು ತುಂಡು ಕತ್ತರಿಸಿ, ಸ್ಕ್ರೂ ಟ್ರ್ಯಾಕ್ ಮೇಲೆ ಬೆರಳಿನಿಂದ ಒತ್ತಿ, ಮೆಲ್ಲಗೆ ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಮೂರು ಕಡೆ ತೆಗೆಯಿರಿ: ಜಾಸ್ತಿ ಓಡುವ ಜಾಗ, ನಟ್‌ನ ಬಾಯಿ, ಅಷ್ಟಾಗಿ ಓಡದ ತುದಿ. ಪಕ್ಕದಲ್ಲಿ ತಾರೀಖು, ಮೆಷಿನ್ ಓಡಿದ ಗಂಟೆ ಬರೆಯಿರಿ. ಟೇಪಿನ ಅಂಟು ಟ್ರ್ಯಾಕ್ ಮೇಲೆ ಉಳಿದಿದ್ದರೆ ಕೊನೆಗೆ ಆಲ್ಕೊಹಾಲ್‌ನಲ್ಲಿ ಒರೆಸಬೇಕು, ಮರೆಯಬೇಡಿ.

ಈಗ ಲೂಪ್ ಹಿಡಿದು ನೋಡಿ.

ನಯವಾದ, ಪೆನ್ಸಿಲ್ ಸೀಸದಂಥ ಕಪ್ಪು ಪುಡಿ ಮಾತ್ರ ಇದ್ದರೆ, ಅದು ಲೋಹಕ್ಕೆ ಲೋಹ ಉಜ್ಜಿ ಆಗುವ ಮಾಮೂಲಿ ಸವೆತ. ಡ್ರೈ ಓಡುವ ಸ್ಕ್ರೂನಲ್ಲಿ ಇದು ಇದ್ದೇ ಇರುತ್ತದೆ. ವಾರದಿಂದ ವಾರಕ್ಕೆ ಜಾಸ್ತಿ ಆಗುತ್ತಿದೆಯಾ ಎನ್ನುವುದಷ್ಟೇ ಮುಖ್ಯ.

ಲೂಪ್ ಕೆಳಗೆ ಮಿನುಗುವ ಚಕ್ಕೆಗಳು ಕಂಡರೆ ಹುಷಾರಾಗಿ. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪೊರೆ ಇರುತ್ತದೆ. ಉಜ್ಜಾಟದಲ್ಲಿ ಅದು ಹರಿದರೆ ಗುಂಡು, ಟ್ರ್ಯಾಕ್ ಎರಡರ ಬರಿ ಲೋಹ ಒಂದಕ್ಕೊಂದು ಬೆಸೆದುಕೊಂಡು, ಮತ್ತೆ ಕಿತ್ತುಕೊಂಡು ಬರುತ್ತದೆ. ಇದೇ ಗಾಲಿಂಗ್. ಗಾಳಿಯಲ್ಲಿ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ವ್ಯಾಕ್ಯೂಮ್‌ನಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ಕಟ್ಟಿಕೊಳ್ಳುವುದಿಲ್ಲ. ಅದಕ್ಕೇ ಹೊರಗೆ ಟ್ರಯಲ್‌ನಲ್ಲಿ ಚೆನ್ನಾಗಿ ಓಡಿದ ಸ್ಕ್ರೂ ಚೇಂಬರ್ ಒಳಗೆ ಬೇಗ ಹಿಡಿದುಕೊಳ್ಳುತ್ತದೆ.

ಬಿಳಿ ಅಥವಾ ಹಳದಿ ಪ್ಲಾಸ್ಟಿಕ್ ತರಿ ಸಿಕ್ಕಿದರೆ ವೈಪರ್ (ನಟ್ ಬಾಯಲ್ಲಿ ಪುಡಿ ತಡೆಯುವ ಸೀಲ್) ಅಥವಾ ಗುಂಡು ವಾಪಸ್ ತಿರುಗುವ ಪ್ಲಾಸ್ಟಿಕ್ ಭಾಗ ಸವೆಯುತ್ತಿದೆ.

ಇನ್ನು ಕೆಂಪು ಕಂದು ಪುಡಿ. ಹೋದ ಮಳೆಗಾಲದಲ್ಲಿ ಪೀಣ್ಯದ ಒಂದು ಶೆಡ್‌ನಲ್ಲಿ ಇದನ್ನು ಚೆನ್ನಾಗಿ ನೋಡಿದೆ. ಸಣ್ಣ ಬಾಟಲಿಗಳಿಗೆ ಮುಚ್ಚಳ ಒತ್ತುವ ಮೆಷಿನ್, 16 ಮಿ.ಮೀ. ದಪ್ಪದ ಸ್ಕ್ರೂ, 5 ಮಿ.ಮೀ. ಲೀಡ್, ಅಂದರೆ ಒಂದು ಸುತ್ತಿಗೆ ನಟ್ ಸಾಗುವ ದೂರ. ಟೇಪ್ ಎತ್ತಿದರೆ ನಮ್ಮ ರಾಗಿ ಹಿಟ್ಟಿನ ಬಣ್ಣಕ್ಕಿಂತ ಒಂದು ಚೂರು ಕೆಂಪು. ಅದೂ ಬೆರಳಗಲದ ಜಾಗದಲ್ಲಿ ಮಾತ್ರ, ಆಚೀಚೆ ಟ್ರ್ಯಾಕ್ ಕನ್ನಡಿಯ ಹಾಗಿತ್ತು. ಮಳೆಯ ತೇವಕ್ಕೆ ತುಕ್ಕು ಹಿಡಿದಿದೆ ಎಂದು ಅವರು ಎರಡು ಸಲ ಸ್ಕ್ರೂ ಬದಲಿಸಿದ್ದರು. ತೇವಕ್ಕೆ ತುಕ್ಕು ಹಿಡಿದಿದ್ದರೆ ಉದ್ದಕ್ಕೂ ಹಿಡಿಯಬೇಕಿತ್ತಲ್ಲ? ಸ್ಟ್ರೋಕ್, ಅಂದರೆ ನಟ್ ಒಮ್ಮೆಗೆ ಓಡುವ ದೂರ, ಎಷ್ಟು ಎಂದು ಕೇಳಿದೆ. 8 ಮಿ.ಮೀ. ಅಂದರೆ ಸ್ಕ್ರೂ ಎರಡು ಸುತ್ತೂ ತಿರುಗುವುದಿಲ್ಲ. ನಟ್ ಒಳಗೆ ಗುಂಡು ಸಾಗುವುದು ಅದರ ಸುಮಾರು ಅರ್ಧ. ಅವೇ ಗುಂಡುಗಳು ಅದೇ ಜಾಗದಲ್ಲಿ ದಿನವಿಡೀ ಹಿಂದೆ ಮುಂದೆ ಉಜ್ಜುತ್ತಿದ್ದವು. ಅಲ್ಲಿ ಕಿತ್ತು ಬಂದ ಕಣ ಗಾಳಿಗೆ ಸೇರಿ ಕೆಂಪಾಗುತ್ತಿತ್ತು. ಇದಕ್ಕೆ ಫ್ರೆಟಿಂಗ್ ಎನ್ನುತ್ತಾರೆ. ಮೂರನೆಯ ಸ್ಕ್ರೂ ಹಾಕಿದಾಗ ಗಂಟೆಗೊಮ್ಮೆ ಒಂದು ಪೂರ್ತಿ ಸ್ಟ್ರೋಕ್ ಓಡುವ ಹಾಗೆ ಪ್ರೋಗ್ರಾಮ್‌ನಲ್ಲಿ ಸೇರಿಸಿದೆವು. ವಾರಕ್ಕೊಮ್ಮೆ ಕೆಲಸದ ಜಾಗವನ್ನೂ ಕೆಲವು ಮಿ.ಮೀ. ಸರಿಸುತ್ತಾರೆ. ಈಗಿನ ಟೇಪಿನಲ್ಲಿ ಕೆಂಪು ಕಾಣುತ್ತಿಲ್ಲ.

ಅವರು ಪ್ರತಿ ಶನಿವಾರ ಒರೆಸುತ್ತಿದ್ದರು. ಒಂದು ಶನಿವಾರ ಒರೆಸುವ ಮೊದಲು ನೋಡಿದ್ದರೆ ಎರಡು ಸ್ಕ್ರೂ ಉಳಿಯುತ್ತಿತ್ತು.

ಹಂತ 5: ಕೈಯಲ್ಲಿ ತಿರುಗಿಸಿ, ದಾರದಿಂದ ಎಳೆಯಿರಿ

ಕಪ್ಲಿಂಗ್ ಬಿಚ್ಚಿ, ಸ್ಕ್ರೂವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಬೆರಳಿಗೆ ಮರಳಿನ ಹಾಗೆ ಕರಕರ ಎಂದರೆ ಪುಡಿ. ಸಮ ಅಂತರದಲ್ಲಿ ಟಕ್ ಟಕ್ ಎಂದರೆ ಟ್ರ್ಯಾಕ್‌ನಲ್ಲಿ ಗುಳಿ ಅಥವಾ ಗುಂಡು ವಾಪಸ್ ತಿರುಗುವ ಜಾಗದಲ್ಲಿ ತೊಂದರೆ. ಒಂದು ಕಡೆ ಗಕ್ಕನೆ ನಿಂತು, ಹಿಂದಕ್ಕೆ ತಿರುಗಿಸಿದ ಕೂಡಲೇ ಸಡಿಲವಾದರೆ ಗುಂಡುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿವೆ. ಪಕ್ಕಪಕ್ಕದ ಗುಂಡುಗಳು ಒಂದೇ ದಿಕ್ಕಿಗೆ ಉರುಳುತ್ತವೆ. ಹಾಗಾಗಿ ಅವು ತಾಗುವ ಜಾಗದಲ್ಲಿ ಒಂದರ ಮೈ ಮೇಲಕ್ಕೆ, ಇನ್ನೊಂದರ ಮೈ ಕೆಳಕ್ಕೆ ಉಜ್ಜುತ್ತದೆ. ಗ್ರೀಸ್ ಇಲ್ಲದಾಗ ಮೊದಲು ಹಾಳಾಗುವ ಜಾಗಗಳಲ್ಲಿ ಇದೂ ಒಂದು.

ಆಮೇಲೆ ಸ್ಕ್ರೂ ತುದಿಗೆ ಅಳತೆ ಗೊತ್ತಿರುವ ಪುಲ್ಲಿ ಹಾಕಿ, ದಾರ ಸುತ್ತಿ, ತಕ್ಕಡಿಯಿಂದ ಒಂದೇ ಸಮನೆ ಎಳೆಯಿರಿ. 40 ಮಿ.ಮೀ. ಪುಲ್ಲಿಗೆ 150 ಗ್ರಾಂ ಬಂತು ಎಂದುಕೊಳ್ಳಿ. ಎಳೆತ ಸುಮಾರು 1.5 ನ್ಯೂಟನ್, ತ್ರಿಜ್ಯ 0.02 ಮೀಟರ್. ಗುಣಿಸಿದರೆ 0.03 ನ್ಯೂಟನ್ ಮೀಟರ್. ಇದೇ ಟಾರ್ಕ್, ಅಂದರೆ ತಿರುಗಿಸುವ ಬಲ. ಇದರಲ್ಲಿ ಸಪೋರ್ಟ್ ಬೇರಿಂಗಿನ ಎಳೆತವೂ ಸೇರಿದೆ. ಅದು ಪರವಾಗಿಲ್ಲ, ಪ್ರತಿ ಸಲ ಇದೇ ರೀತಿ ಅಳೆದು ಹಿಂದಿನದಕ್ಕೆ ಹೋಲಿಸಿ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಪ್ರೀಲೋಡ್ (ಸಡಿಲ ಇರದಂತೆ ಮೊದಲೇ ಕೊಟ್ಟ ಬಿಗಿ) ಇರುವ ನಟ್‌ನಲ್ಲಿ ಸವೆತ ಶುರುವಾದಾಗ ಟಾರ್ಕ್ ಮೊದಲು ಕಮ್ಮಿ ಆಗುತ್ತದೆ. "ಸೆಟ್ ಆಯ್ತು, ಈಗ ಸಲೀಸಾಗಿ ತಿರುಗ್ತಿದೆ" ಎಂದು ಹುಡುಗರು ಖುಷಿ ಪಡುತ್ತಾರೆ. ಪ್ರೀಲೋಡ್ ಸವೆದು ಹೋಗುತ್ತಿದೆ ಎನ್ನುವುದಕ್ಕೆ ಅದು ಗುರುತು. ಆಮೇಲೆ ಟ್ರ್ಯಾಕ್ ಒರಟಾಗಿ ಟಾರ್ಕ್ ಮತ್ತೆ ಏರುತ್ತದೆ, ಒಂದೇ ಸಮ ಇರದೆ ಎಗರಾಡುತ್ತದೆ. ಇಳಿದರೂ ಬರೆಯಿರಿ, ಏರಿದರೂ ಬರೆಯಿರಿ.

ಹಂತ 6: ಪ್ಲೇ ಅಳೆಯಿರಿ, ಆದರೆ ಒಂದೇ ಕಡೆ ಅಲ್ಲ

ಪ್ಲೇ ಅಂದರೆ ನಟ್ ಮತ್ತು ಸ್ಕ್ರೂ ನಡುವಿನ ಸಡಿಲ. ಮೊದಲು ಸ್ಕ್ರೂ ತುದಿಗೆ ಡಯಲ್ ಇಡಿ. ಸೆಂಟರ್ ತೂತಿನಲ್ಲಿ ಒಂದು ಗುಂಡು ಕೂರಿಸಿ, ಡಯಲಿನ ಚಪ್ಪಟೆ ತುದಿ ಅದರ ಮೇಲೆ ಬರಲಿ. ಈಗ ನಟ್‌ಗೆ ಜೋಡಿಸಿದ ಟೇಬಲ್‌ ಅನ್ನು ಹಿಂದೆ ಮುಂದೆ ತಳ್ಳಿ. ಡಯಲ್ ಅಲ್ಲಾಡಿದರೆ ಸ್ಕ್ರೂನೇ ಅಲ್ಲಾಡುತ್ತಿದೆ, ಅಂದರೆ ತಪ್ಪು ಸಪೋರ್ಟ್ ಬೇರಿಂಗ್ ಅಥವಾ ಲಾಕ್ ನಟ್‌ದು. ಇದನ್ನು ಬಿಟ್ಟು ನೇರವಾಗಿ ಟೇಬಲ್ ಅಳೆದು, ಒಳ್ಳೆಯ ಸ್ಕ್ರೂಗಳನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ.

ತುದಿ ಗಟ್ಟಿಯಾಗಿದ್ದರೆ, ಕಪ್ಲಿಂಗ್ ಮತ್ತೆ ಹಾಕಿ ಡಯಲನ್ನು ನಟ್ ಹತ್ತಿರ ತನ್ನಿ. ಒಂದೇ ದಿಕ್ಕಿನಿಂದ ಬಂದು ಸೊನ್ನೆ ಮಾಡಿ. 0.1 ಮಿ.ಮೀ. ಮುಂದೆ ಕಳಿಸಿ, ಅಷ್ಟೇ ಹಿಂದೆ ತನ್ನಿ. ಸೊನ್ನೆಗೆ ಎಷ್ಟು ಕಮ್ಮಿ ಬಂತೋ ಅದು ಪ್ಲೇ. ಜಾಸ್ತಿ ಓಡುವ ಜಾಗ, ಎರಡೂ ತುದಿ, ಹೀಗೆ ಮೂರು ಕಡೆ ಅಳೆಯಿರಿ. ಪ್ರತಿ ಜಾಗದಲ್ಲಿ ಐದು ಸಲ ಮಾಡಿ.

ಮೂರು ಜಾಗದ ಅಂಕಿ ಪಕ್ಕಪಕ್ಕ ಬರೆದರೆ ಉತ್ತರ ತಾನಾಗಿಯೇ ಬರುತ್ತದೆ. ಜಾಸ್ತಿ ಓಡುವ ಜಾಗದಲ್ಲಿ ಮಾತ್ರ ಪ್ಲೇ ಜಾಸ್ತಿ, ತುದಿಯಲ್ಲಿ ಇಲ್ಲ ಎಂದರೆ ಸ್ಕ್ರೂ ಸವೆದಿದೆ. ಎಲ್ಲ ಕಡೆ ಒಂದೇ ಸಮ ಜಾಸ್ತಿ ಆಗಿದ್ದರೆ ನಟ್ ಅಥವಾ ಗುಂಡು ಸವೆದಿದೆ, ಯಾಕೆಂದರೆ ನಟ್ ಎಲ್ಲಿ ಹೋದರೂ ಅವು ಜೊತೆಗೇ ಹೋಗುತ್ತವೆ.

ಮೆಷಿನ್ ಬಿಸಿ ಇದ್ದಾಗ ಒಮ್ಮೆ, ತಣ್ಣಗಿದ್ದಾಗ ಒಮ್ಮೆ ಅಳೆದು ಹೋಲಿಸಬೇಡಿ. ಅರ್ಧ ಮೀಟರ್ 440ಸಿ ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಸುಮಾರು 0.05 ಮಿ.ಮೀ. ಉದ್ದವಾಗುತ್ತದೆ. ಅಳೆಯುವಾಗ ಅದು ಸರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು ಅಳೆಯುವುದು ನನ್ನ ರೂಢಿ.

ಬಂದ ಅಂಕಿಯನ್ನು ಕಂಟ್ರೋಲರ್‌ನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಷನ್ (ಪ್ಲೇ ಸರಿದೂಗಿಸುವ ಅಂಕಿ) ಎಂದು ತುಂಬಿಸಿ ಮುಂದೆ ಹೋಗುವವರೂ ಇದ್ದಾರೆ. ಮಧ್ಯದ ಪ್ಲೇ ತುಂಬಿಸಿದರೆ ತುದಿಯಲ್ಲಿ ಅದು ತಪ್ಪಾಗುತ್ತದೆ. ಸವೆತವಂತೂ ನಿಲ್ಲುವುದಿಲ್ಲ.

ಹಂತ 7: ಈಗ ಒರೆಸಿ

ಗ್ಲೌಸ್ ಹಾಕಿ. ಬಟ್ಟೆಗೆ ಆಲ್ಕೊಹಾಲ್ ಹಾಕಿ, ಸ್ಕ್ರೂ ಮೇಲೆ ನೇರವಾಗಿ ಸುರಿಯಬೇಡಿ. ಟ್ರ್ಯಾಕ್ ದಾರಿಯಲ್ಲೇ, ನಟ್‌ನಿಂದ ದೂರಕ್ಕೆ ಒರೆಸಿ. ಬಟ್ಟೆಯ ಹೊಸ ಭಾಗ ತಿರುಗಿಸುತ್ತಾ ಹೋಗಿ. ಹತ್ತಿರ ಬೆಂಕಿ, ಗ್ರೈಂಡಿಂಗ್ ಕಿಡಿ ಇರಬಾರದು. ಡ್ರೈ ಕೋಟಿಂಗ್ ಇರುವ ಸ್ಕ್ರೂ ಆದರೆ ತಿಕ್ಕಬೇಡಿ, ಸುಮ್ನೆ ಮೇಲಿಂದ ಮೇಲೆ ಪುಡಿ ತೆಗೆಯಿರಿ. ಆ ಕೋಟಿಂಗ್ ಹೆಚ್ಚೆಂದರೆ ಕೆಲವೇ ಮೈಕ್ರಾನ್ ದಪ್ಪ.

ಹಂತ 8: ನಟ್ ಬಿಚ್ಚುವ ಯೋಚನೆ ಇದ್ದರೆ

ಆದಷ್ಟು ಬೇಡ. ಬಿಚ್ಚಲೇಬೇಕು ಎಂದರೆ ಗುಂಡು ಹಿಡಿದಿಡುವ ಡಮ್ಮಿ ಸ್ಲೀವ್ (ಕೊಳವೆ) ಇಲ್ಲದೆ ಸ್ಕ್ರೂನಿಂದ ನಟ್ ತೆಗೆಯಬೇಡಿ, ಗುಂಡೆಲ್ಲ ನೆಲಕ್ಕೆ ಬೀಳುತ್ತವೆ. ಸ್ಲೀವ್‌ನ ಹೊರ ಅಳತೆ ಸ್ಕ್ರೂ ಥ್ರೆಡ್‌ನ ತಳದ ಅಳತೆಗಿಂತ ಒಂದು ಚೂರು ಕಮ್ಮಿ ಇರಲಿ. ಅದನ್ನು ಸ್ಕ್ರೂ ತುದಿಗೆ ತಾಗಿಸಿ ಹಿಡಿದು, ನಟ್ ಅನ್ನು ಅದರ ಮೇಲಕ್ಕೆ ತಿರುಗಿಸಿ.

ಗುಂಡು ಬದಲಿಸುವುದಿದ್ದರೆ ಪೂರ್ತಿ ಸೆಟ್ ಬದಲಿಸಿ. ಸವೆದ ಗುಂಡುಗಳ ಮಧ್ಯೆ ನಾಲ್ಕು ಹೊಸದು ಹಾಕಿದರೆ ದೊಡ್ಡದಾಗಿರುವ ಆ ನಾಲ್ಕರ ಮೇಲೇ ಪೂರ್ತಿ ಭಾರ ಬೀಳುತ್ತದೆ. ಪ್ಲೇ ಹೋಗಲಿ ಎಂದು ದಪ್ಪ ಗುಂಡು ತುಂಬಿಸುವ ಉಪಾಯ ಮಧ್ಯದಲ್ಲಿ ಸವೆದ ಸ್ಕ್ರೂಗೆ ನಡೆಯುವುದಿಲ್ಲ. ಮಧ್ಯದಲ್ಲಿ ಸರಿ ಹೋದರೆ ತುದಿಯಲ್ಲಿ ಹಿಡಿದುಕೊಳ್ಳುತ್ತದೆ.

ಹಂತ 9: ಸವೆತ ಕಮ್ಮಿ ಮಾಡಲು ಏನೇನು ಕೈಯಲ್ಲಿದೆ

ಸಿಲಿಕಾನ್ ನೈಟ್ರೈಡ್ ಸೆರಾಮಿಕ್ ಗುಂಡು ನನ್ನ ಮೊದಲ ಆಯ್ಕೆ. ಅದು ಉಕ್ಕಿನ ಜೊತೆ ಬೆಸೆದುಕೊಳ್ಳುವುದಿಲ್ಲ, ಹಾಗಾಗಿ ಗಾಲಿಂಗ್‌ನ ಬುಡಕ್ಕೇ ಏಟು ಬೀಳುತ್ತದೆ. ತೂಕವೂ ಉಕ್ಕಿನ ಅರ್ಧಕ್ಕಿಂತ ಕಮ್ಮಿ. ಬೆಲೆ ಜಾಸ್ತಿ, ನಿಜ. ಇನ್ನೊಂದು ದಾರಿ, ಒಂದು ಬಿಟ್ಟು ಒಂದು ಸ್ವಲ್ಪ ಚಿಕ್ಕ ಗುಂಡು ಹಾಕುವುದು. ಚಿಕ್ಕದು ಭಾರ ಹೊರುವುದಿಲ್ಲ, ಮಧ್ಯೆ ಉಲ್ಟಾ ತಿರುಗುತ್ತಾ ಉಜ್ಜಾಟ ತಪ್ಪಿಸುತ್ತದೆ. ಆದರೆ ಭಾರ ಹೊರುವ ಗುಂಡುಗಳು ಅರ್ಧಕ್ಕೆ ಇಳಿಯುತ್ತವೆ, ಲೆಕ್ಕ ಮತ್ತೆ ಮಾಡಬೇಕು.

ಕೋಟಿಂಗ್ ಆರಿಸುವಾಗ ಗಾಳಿಯ ತೇವ ನೋಡಿ. ಮಾಲಿಬ್ಡಿನಂ ಡೈಸಲ್ಫೈಡ್ ವ್ಯಾಕ್ಯೂಮ್‌ನಲ್ಲಿ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ತೇವದ ಗಾಳಿಯಲ್ಲಿ ಬೇಗ ಹಾಳಾಗುತ್ತದೆ. ಗ್ರಾಫೈಟ್ ಇದಕ್ಕೆ ಉಲ್ಟಾ. ಅದಕ್ಕೆ ತೇವ ಬೇಕು, ವ್ಯಾಕ್ಯೂಮ್‌ನಲ್ಲಿ ಜಾರುವುದೇ ಇಲ್ಲ. ಚೇಂಬರ್‌ಗೆ ಹೋಗಬೇಕಾದ ಮಾಲಿಬ್ಡಿನಂ ಕೋಟಿಂಗಿನ ಸ್ಕ್ರೂವನ್ನು ನಮ್ಮ ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಬಾಗಿಲು ತೆರೆದ ಶೆಡ್‌ನಲ್ಲಿ ದಿನಗಟ್ಟಲೆ ಟ್ರಯಲ್ ಓಡಿಸಬೇಡಿ. ಚೇಂಬರ್ ಮುಟ್ಟುವ ಮೊದಲೇ ಅದರ ಆಯಸ್ಸು ತಿಂದ ಹಾಗಾಗುತ್ತದೆ. ಓಡಿಸಲೇಬೇಕಿದ್ದರೆ ಒಣ ನೈಟ್ರೋಜನ್ ಬಿಟ್ಟು ಓಡಿಸಿ.

ಭಾರ ಕಮ್ಮಿ ಮಾಡಿದರೂ ಉಪಯೋಗ ಇದೆ, ಆದರೆ ಕ್ಯಾಟಲಾಗ್ ಹೇಳಿದಷ್ಟಲ್ಲ. ಕ್ಯಾಟಲಾಗ್ ಲೆಕ್ಕದಲ್ಲಿ ಭಾರ ಅರ್ಧವಾದರೆ ಆಯಸ್ಸು 8 ಪಟ್ಟು. ಅದು ಚೆನ್ನಾಗಿ ಗ್ರೀಸ್ ಇರುವ ಸ್ಕ್ರೂನಲ್ಲಿ ಲೋಹ ದಣಿದು ಚಕ್ಕೆ ಏಳುವ ಲೆಕ್ಕ. ಡ್ರೈ ಉಜ್ಜಾಟದಲ್ಲಿ ಸವೆತ ಸುಮಾರಾಗಿ ಭಾರ ಮತ್ತು ಉಜ್ಜಿದ ದೂರಕ್ಕೆ ತಕ್ಕಂತೆ ಹೋಗುತ್ತದೆ. ಭಾರ ಅರ್ಧ ಮಾಡಿದರೆ ಎರಡು ಪಟ್ಟು ಬಂದರೆ ಬಂತು. ಕ್ಯಾಟಲಾಗಿನ ಅಂಕಿ ತೋರಿಸಿ ಗ್ರಾಹಕರಿಗೆ ಗ್ಯಾರಂಟಿ ಬರೆದುಕೊಡಬೇಡಿ.

ಹಂತ 10: ನಿಲ್ಲಿಸಬೇಕಾದ ಗುರುತುಗಳು

ಹೊಸ ಸ್ಕ್ರೂ ಹಾಕಿದ ದಿನವೇ ಟಾರ್ಕ್, ಪ್ಲೇ, ಟೇಪ್ ಮೂರೂ ತೆಗೆದಿಡಿ. ಇದಿಲ್ಲದಿದ್ದರೆ ಮುಂದಿನ ಅಂಕಿಗಳಿಗೆ ಅರ್ಥವೇ ಇಲ್ಲ. ಮೊದಲ 10 ಗಂಟೆ ಆದ ಮೇಲೆ ಒಮ್ಮೆ, ಒಂದು ವಾರಕ್ಕೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅಳೆಯಿರಿ. ಪುಡಿ ಶುರುವಿನಲ್ಲಿ ಸ್ವಲ್ಪ ಜಾಸ್ತಿ ಬಂದು ಕಮ್ಮಿ ಆದರೆ ಸರಿ. ಕಮ್ಮಿ ಆಗಿದ್ದು ಮತ್ತೆ ಏರಿದರೆ ಅವತ್ತೇ ಹೊಸ ಸ್ಕ್ರೂಗೆ ಆರ್ಡರ್ ಹಾಕಿ, 440ಸಿ ಸ್ಕ್ರೂ ಅಂಗಡಿಗೆ ಹೋದ ಕೂಡಲೇ ಸಿಗುವ ಸಾಮಾನಲ್ಲ. ಟೇಪಿನಲ್ಲಿ ಮಿನುಗುವ ಚಕ್ಕೆ, ಕೈಗೆ ಸಿಗುವ ಗಕ್ಕು, ಮೋಟಾರ್ ಕರೆಂಟ್ ಇದ್ದಕ್ಕಿದ್ದಂತೆ ಎಗರುವುದು, ಇವುಗಳಲ್ಲಿ ಒಂದು ಕಂಡರೂ ಮೆಷಿನ್ ನಿಲ್ಲಿಸಿ. ಡ್ರೈ ಸ್ಕ್ರೂ ಹಿಡಿದುಕೊಳ್ಳುವಾಗ ಹೆಚ್ಚು ಹೊತ್ತು ಕೊಡುವುದಿಲ್ಲ.

ತೆಗೆದ ಹಳೆಯ ನಟ್ ಬಿಸಾಡಬೇಡಿ. ಪೀಣ್ಯದಲ್ಲಿ ವೈರ್‌ಕಟ್ (ತಂತಿಯ ಕಿಡಿಯಿಂದ ಲೋಹ ಕತ್ತರಿಸುವುದು) ಮಾಡುವವರು ಬೀದಿಗೊಬ್ಬರಿದ್ದಾರೆ. ನಟ್ ಅನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಟಾರ್ಚ್ ಬಿಟ್ಟು ನೋಡಿ. ಸವೆತದ ಪಟ್ಟಿ ಸುತ್ತಲೂ ಒಂದೇ ಅಗಲ ಇದ್ದರೆ ಸ್ಕ್ರೂ ತನ್ನ ಆಯಸ್ಸು ಮುಗಿಸಿದೆ, ಹೊಸದು ಹಾಕಿ. ಒಂದು ಹೋಳಿನ ಮುಂಬದಿ, ಇನ್ನೊಂದರ ಹಿಂಬದಿ ಜಾಸ್ತಿ ಸವೆದಿದ್ದರೆ ನಟ್ ಓರೆಯಾಗಿ ಕೂತಿತ್ತು. ಆಗ ಹೊಸ ಸ್ಕ್ರೂವನ್ನು ಪ್ಯಾಕೆಟ್‌ನಲ್ಲೇ ಇಡಿ. ಮೊದಲು ನಟ್ ಬ್ರಾಕೆಟ್‌ನ ಮುಖಕ್ಕೂ ಲೀನಿಯರ್ ಗೈಡ್‌ಗೂ ಡಯಲ್ ಹಚ್ಚಿ.